ಸ್ಟೇಟಸ್‌ಗೆ 300 ವ್ಯೂ, ಸೀರೆ ಮಾತ್ರ ಕಪಾಟಿನಲ್ಲೇ

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದು ಸಣ್ಣ ಸೀರೆ ಅಂಗಡಿ. ದಿನಾ ಹತ್ತು ಹನ್ನೆರಡು ಸೀರೆಯ ಫೋಟೊ ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತೇನೆ. 300 ಜನ ನೋಡುತ್ತಾರೆ, 20 ಜನ ‘ರೇಟ್ ಎಷ್ಟು’ ಅಂತ ಕೇಳುತ್ತಾರೆ. ರೇಟ್ ಹೇಳಿದ ಮೇಲೆ ಸುದ್ದಿಯೇ ಇಲ್ಲ. ಗಿರಾಕಿಗಳನ್ನೆಲ್ಲ ಸೇರಿಸಿ ಗ್ರೂಪ್ ಮಾಡಿದೆ, ಅರ್ಧ ಜನ ಬಿಟ್ಟುಹೋದರು. ದುಡ್ಡು ಕೊಟ್ಟು ಹೆಚ್ಚು ಜನಕ್ಕೆ ತೋರಿಸುವ ಬೂಸ್ಟ್ ಮಾಡಿಸಲೇ?

ಉತ್ತರ: ಸದ್ಯಕ್ಕೆ ಬೇಡ. ದಿನಕ್ಕೆ 20 ಜನ ಮೆಟ್ಟಿಲು ಹತ್ತಿ ಬೆಲೆ ಕೇಳುವ ಅಂಗಡಿಯನ್ನು ಯಾರೂ ಬಡ ಅಂಗಡಿ ಎನ್ನುವುದಿಲ್ಲ. ಅವರು ಕೇಳಿದ ಗಳಿಗೆಗೂ ನಿಮ್ಮ ಉತ್ತರ ಹೋದ ಗಳಿಗೆಗೂ ನಡುವೆ ಎಲ್ಲೋ ವ್ಯಾಪಾರ ಸೋರುತ್ತಿದೆ. ಬೂಸ್ಟ್ ಮಾಡಿಸಿದರೆ 20 ಇದ್ದದ್ದು 200 ಆದೀತು, ಸೋರುವುದೂ ಅಷ್ಟೇ ಹೆಚ್ಚೀತು.

ಮೊದಲು ಆ 300 ಯಾರು ಎಂದು ಒಂದು ಸಲ ಪಟ್ಟಿ ತೆರೆದು ನೋಡಿ. ನೀವು ಅವರ ನಂಬರ್ ಸೇವ್ ಮಾಡಿ, ಅವರೂ ನಿಮ್ಮದನ್ನು ಸೇವ್ ಮಾಡಿಕೊಂಡಿದ್ದರೆ ಮಾತ್ರ ಸ್ಟೇಟಸ್ ಕಾಣುತ್ತದೆ. ಹಾಗಾಗಿ ಅಲ್ಲಿರುವವರು ಸೋದರತ್ತೆ, ಶಾಲೆಯ ಗೆಳತಿಯರು, ಕೊರಿಯರ್ ಹುಡುಗ, ಮತ್ತು ನಿಮ್ಮ ಹೊಸ ಡಿಸೈನ್ ನೋಡಲು ದಿನಾ ತಪ್ಪದೆ ಬರುವ ಎದುರಿನ ಅಂಗಡಿಯವರು. ಹೋದ ತಿಂಗಳು ಮದುವೆ ಜವಳಿಗೆ ಬಂದು ನಾಲ್ಕು ಸೀರೆ ಒಯ್ದ ಬೆಳಗಾವಿಯ ಹೆಣ್ಣುಮಗಳು ನಿಮ್ಮ ನಂಬರ್ ಸೇವ್ ಮಾಡಿರದಿದ್ದರೆ ಆಕೆಗೆ ಏನೂ ಕಾಣದು. ಕಂಡವರಿಗೂ 24 ಗಂಟೆಯಲ್ಲಿ ಅದು ಮಾಯ. ಇದಕ್ಕೆ ಪೈಸೆ ಖರ್ಚಿಲ್ಲದ ಮದ್ದು ಇದೆ: ಸೀರೆ ಮಡಚಿ ಕವರಿಗೆ ಹಾಕುವಾಗ ‘ನಂಬರ್ ಸೇವ್ ಮಾಡ್ಕೊಳ್ರೆಕ್ಕಾ, ಹೊಸ ಮಾಲ್ ಬಂದ್ರ ಕಳಸ್ತೀನಿ’ ಎಂದು ಕೇಳುವುದು, ಅಲ್ಲೇ ನಿಂತು ಸೇವ್ ಮಾಡಿಸುವುದು.

ಇನ್ನು ರೇಟಿನ ವಿಷಯ. ‘ಬೆಲೆಗೆ ಮೆಸೇಜ್ ಮಾಡಿ’ ಎಂದು ಬರೆಯುವುದು ಇಂದು ಎಲ್ಲರ ಚಟ. ಬೆಲೆ ಬರೆದರೆ ಪಕ್ಕದವರಿಗೆ ತಿಳಿಯುತ್ತದೆ ಎಂಬುದು ನೆಪ. ಅವರೂ ಅದೇ ಓಣಿಯ ನೇಕಾರರಿಂದ ಮಾಲು ತರುವವರು, ನಿಮ್ಮ ಬೆಲೆ ಅವರಿಗೆ ಮೊದಲೇ ಗೊತ್ತು. ಬೆಲೆ ಮುಚ್ಚಿಟ್ಟರೆ ಮುಖ ನೋಡಿ ಮಣೆ ಹಾಕುತ್ತಾರೆಂದು ಗಿರಾಕಿಗೆ ಅನುಮಾನ ಬರುತ್ತದೆ, ಅಷ್ಟೇ ಲಾಭ.

ಆದರೆ ಬರೀ ಬೆಲೆ ಬರೆದರೂ ಸಾಲದು, ನಿಮ್ಮ ಮಾಲಿಗಂತೂ ಸಾಲದು. ಕೈಮಗ್ಗದ ಇಳಕಲ್ ಸೀರೆಯೂ ಪವರ್‌ಲೂಮ್‌ನಲ್ಲಿ ಬಂದ ಅದರ ನಕಲೂ ಅಂಗೈ ಅಗಲದ ಫೋಟೊದಲ್ಲಿ ಅಕ್ಕತಂಗಿಯರಂತೆ ಕಾಣುತ್ತವೆ. ಅದೇ ಕೆಂಪು ಸೆರಗು, ಅದೇ ಬಿಳಿ ತೆನೆಯ ಚಿತ್ತಾರ. ಬೇರೊಬ್ಬರ ಸ್ಟೇಟಸ್‌ನಲ್ಲಿ 900ಕ್ಕೆ ಕಂಡದ್ದಕ್ಕೆ ನೀವು ‘3200’ ಎಂದು ನಾಲ್ಕೇ ಅಂಕಿ ಕಳಿಸಿದರೆ ಆಕೆ ಏನು ತಿಳಿಯಬೇಕು? ಜಗಳಕ್ಕೆ ಬರುವ ಬದಲು ಸುಮ್ಮನಾಗುತ್ತಾಳೆ. ಅಂಗಡಿಯಲ್ಲಾದರೆ ನೀವು ಸೀರೆ ಬಿಚ್ಚಿ, ಒಡಲು ಮತ್ತು ಸೆರಗು ಕೂಡುವ ಜಾಗವನ್ನು ತಿರುಗಿಸಿ ತೋರಿಸುತ್ತಿದ್ದಿರಿ. ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ, ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಸಿಕ್ಕಿಸಿದ್ದಾರೆ ಎನ್ನುತ್ತಿದ್ದಿರಿ. ಆಕೆ ಅಲ್ಲಿ ಬೆರಳಾಡಿಸಿ ನೋಡುತ್ತಿದ್ದಳು. ಫೋನಿನಲ್ಲಿ ಆ ಮಾತನ್ನೇ ನುಂಗಿಬಿಟ್ಟಿದ್ದೀರಿ. ಉತ್ತರ ಹೀಗಿರಲಿ:

‘3,200 ರೀ ಅಕ್ಕಾರ, ಕೊರಿಯರ್ ಸೇರಿ. ಕೈಮಗ್ಗದ್ದು. ಒಡಲು ಹತ್ತಿ, ಸೆರಗು ಮತ್ತ ದಡಿ ರೇಷ್ಮಿ, ಕೊಂಡಿ ಸೆರಗು. ಇದೊಂದ ಪೀಸ್ ಐತಿ, ಸಂಜಿ ಆರರ ತನಕ ತಗದ ಇಟ್ಟಿರ್ತೀನಿ.’

ದಿನಕ್ಕೆ 20 ಸಲ ಇದನ್ನು ಟೈಪ್ ಮಾಡಬೇಕಾಗಿಲ್ಲ. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಆ್ಯಪ್ ಪುಕ್ಕಟೆ. ಅದರಲ್ಲಿ ಸಿದ್ಧ ಉತ್ತರಗಳನ್ನು ಬರೆದಿಟ್ಟುಕೊಂಡು, ಓರೆಗೆರೆ (/) ಒತ್ತಿ ಕರೆದುಕೊಳ್ಳಬಹುದು. ಬೆಲೆ, ದಡಿಯ (ಅಂಚಿನ) ಹೆಸರು ಮಾತ್ರ ತಿದ್ದಿದರಾಯಿತು. ವಯಸ್ಸಾದವರು ವಾಯ್ಸ್ ಮೆಸೇಜ್ ಕಳಿಸಿದರೆ ನೀವೂ ವಾಯ್ಸಿನಲ್ಲೇ ಉತ್ತರಿಸಿ. ಊರ ಮಾತು ಕೇಳಿದರೆ ಅರ್ಧ ನಂಬಿಕೆ ಅಲ್ಲೇ ಬಂದಿರುತ್ತದೆ. ಫೋಟೊವನ್ನು ಟ್ಯೂಬ್‌ಲೈಟ್ ಕೆಳಗೆ ತೆಗೆಯಬೇಡಿ. ಬೆಳಿಗ್ಗೆ ಬಾಗಿಲ ಹತ್ತಿರ, ಬಿಸಿಲು ನೇರ ಬೀಳದ ನೆರಳಿನಲ್ಲಿ ತೆಗೆಯಿರಿ. ‘ಫೋಟೊದಾಗ ಬ್ಯಾರೆ ಬಣ್ಣ ಇತ್ತು’ ಎಂದು ವಾಪಸ್ ಬರುವ ಸೀರೆಗಳು ಅಷ್ಟರಿಂದಲೇ ಕಡಿಮೆಯಾಗುತ್ತವೆ.

ನೀವು ಕೇಳದೇ ಬಿಟ್ಟ ಒಂದು ಸಂಗತಿ ಇದೆ: ಅಂಗಡಿಯ ಫೋನು ಯಾರ ಕೈಯಲ್ಲಿರುತ್ತದೆ? ನನಗೆ ಇದು ಪೆಟ್ಟು ತಿಂದು ಕಲಿತ ಪಾಠ. ಒಂದು ದಸರೆಯ ಹಂಗಾಮಿನಲ್ಲಿ ಅಕ್ಕನ ಅಂಗಡಿಯ ವಾಟ್ಸಾಪ್ ನೋಡಿಕೊಳ್ಳಲು ಹೋಗಿದ್ದೆ. ಒಂದೇ ನಂಬರನ್ನು ಮೂಲ ಫೋನಲ್ಲದೆ ಇನ್ನೂ ನಾಲ್ಕು ಕಡೆ ಜೋಡಿಸಬಹುದಲ್ಲ, ನನ್ನ ಫೋನಿಗೊಂದು, ಅಕ್ಕನ ಮಗನ ಕಂಪ್ಯೂಟರಿಗೊಂದು ಜೋಡಿಸಿ ದೊಡ್ಡ ಕಂಪನಿಯವರಂತೆ ಕೂತೆವು. ಗಿಳಿಹಸಿರು ಸೀರೆಯೊಂದಕ್ಕೆ ನಾನು ಒಬ್ಬರಿಗೆ 2,900 ಎಂದೆ. ಅದೇ ಸೀರೆಗೆ ಅವನು ಇನ್ನೊಬ್ಬರಿಗೆ 2,600 ಎಂದ. ಅವರಿಬ್ಬರೂ ಅತ್ತೆ ಸೊಸೆ, ಒಂದೇ ಮನೆಯ ಒಂದೇ ಸೋಫಾದ ಮೇಲೆ ಕೂತು ಎರಡು ಫೋನಿನಲ್ಲಿ ಕೇಳುತ್ತಿದ್ದರು. ಇಷ್ಟು ಸಾಲದೆಂಬಂತೆ, ಅಷ್ಟೊತ್ತಿಗೆ ಅಕ್ಕ ಆ ಸೀರೆಯನ್ನು ಕೌಂಟರಿನಲ್ಲಿ ಮೂರನೆಯವರಿಗೆ ಕೊಟ್ಟು ಬಿಲ್ಲನ್ನೂ ಹರಿದಿದ್ದಳು. ಕೈಮಗ್ಗದ ಮಾಲು ಇದ್ದದ್ದು ಒಂದೇ ಪೀಸು. ಆ ಮನೆಯವರು ಇವತ್ತಿಗೂ ನಮ್ಮ ಸ್ಟೇಟಸ್ ನೋಡುತ್ತಾರೆ, ಕೇಳುವುದು ಮಾತ್ರ ಬಿಟ್ಟರು.

ಆಮೇಲೆ ಮಾಡಿಕೊಂಡ ಏರ್ಪಾಡು ತೀರಾ ಸರಳ. ಪ್ರತಿ ಸೀರೆಗೂ ನಂಬರಿನ ಚೀಟಿ, ಆ ಚೀಟಿ ಫೋಟೊದಲ್ಲೂ ಕಾಣಬೇಕು. ಗಲ್ಲಾಪೆಟ್ಟಿಗೆಯ ಪಕ್ಕದ ನೋಟ್‌ಬುಕ್ಕಿನಲ್ಲಿ ಚೀಟಿಯ ಮುಂದೆ ಕೊನೆಯ ಬೆಲೆ ಬರೆದಿರುತ್ತದೆ; ಅದಕ್ಕಿಂತ ಇಳಿಸುವ ಅಧಿಕಾರ ಅಕ್ಕನದೊಬ್ಬಳದೇ. ಮನೆಯವರಷ್ಟೇ ಇರುವ ಒಂದು ಗ್ರೂಪಿನಲ್ಲಿ ‘47 ಹೋತು’, ‘52 ಸಂಜಿ ತನಕ ಇಡ್ರಿ’ ಎಂಬ ಮಾತು ಮಾತ್ರ. ಶುಭೋದಯದ ಹೂವು ಅಲ್ಲಿ ನಿಷಿದ್ಧ, ಯಾಕೆಂದರೆ ಹೂವಿನ ರಾಶಿಯಲ್ಲಿ 47 ಕಳೆದುಹೋಗುತ್ತದೆ. ಗಿರಾಕಿಗಳ ಚಾಟಿಗೆ ಬಿಸಿನೆಸ್ ಆ್ಯಪಿನ ಲೇಬಲ್ ಅಂಟಿಸಿದೆವು: ಬೆಲೆ ಹೇಳಿದೆ, ದುಡ್ಡು ಬಂತು, ಕಳಿಸಿದೆ. ದುಡ್ಡು ಬಂತು ಎಂಬ ಲೇಬಲ್ ಬ್ಯಾಂಕಿನ ಖಾತೆ ನೋಡಿದ ಮೇಲೆ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಅಲ್ಲ. ‘ಬೆಲೆ ಹೇಳಿದೆ’ ಎಂಬಲ್ಲೇ ನಿಂತವರಿಗೆ ಮರುದಿನ ಒಂದೇ ಒಂದು ಸಲ ಕೇಳುವುದು. ಎರಡನೇ ಸಲ ಕೇಳಿದರೆ ಬೆನ್ನು ಹತ್ತಿದಂತಾಗುತ್ತದೆ.

ನೇಕಾರರ ಜೊತೆಗೂ ಇದೇ ಶಿಸ್ತು ಬೇಕು. ‘ಇದೇ ದಡಿ, ಒಡಲು ನೀಲಿ ಸಿಗುತ್ತಾ’ ಎಂದು ಕೇಳಿದವರಿಗೆ ಹುರುಪಿನಲ್ಲಿ ಹೂಂ ಅನ್ನಬೇಡಿ. ಮಗ್ಗಕ್ಕೆ ಹಾಸು ಏರಿದ ಮೇಲೆ ಅದರ ಬಣ್ಣ ಬದಲಿಸಲು ಬರುವುದಿಲ್ಲ, ಮುಂದಿನ ಹಾಸಿನವರೆಗೂ ಕಾಯಬೇಕು. ಮೊದಲು ನೇಕಾರರಿಗೆ ಫೋನ್, ಆಮೇಲೆ ಗಿರಾಕಿಗೆ ತಾರೀಖು.

ಗ್ರೂಪು ಯಾಕೆ ಖಾಲಿಯಾಯಿತು ಎಂಬುದಕ್ಕೆ ಹೆಚ್ಚು ಹೇಳಬೇಕಿಲ್ಲ. ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಬಯಲು. ಸೀರೆ ಕೊಂಡ ತಪ್ಪಿಗೆ ಗುರುತಿಲ್ಲದವರಿಂದ ರಾತ್ರಿ ‘ಹಾಯ್’ ಬಂದರೆ ಯಾವ ಹೆಣ್ಣುಮಗಳು ಅಲ್ಲಿರುತ್ತಾಳೆ? ಕೇಳದೆ ಸೇರಿಸುವುದು ಮರ್ಯಾದೆಯೂ ಅಲ್ಲ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಒಪ್ಪಿಗೆ ಕೇಳಿ ಎಂದೇ. ಬದಲಿಗೆ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಒಂದು ಲಿಸ್ಟಿಗೆ 256 ಜನ. ಪ್ರತಿಯೊಬ್ಬರಿಗೂ ಮೆಸೇಜು ಅವರೊಬ್ಬರಿಗೇ ಬಂದಂತೆ ಹೋಗುತ್ತದೆ, ಉತ್ತರವೂ ನಿಮಗೊಬ್ಬರಿಗೇ ಬರುತ್ತದೆ. ಇಲ್ಲೂ ಅವರು ನಿಮ್ಮ ನಂಬರ್ ಸೇವ್ ಮಾಡಿರದಿದ್ದರೆ ಮೆಸೇಜು ತಲುಪುವುದಿಲ್ಲ, ಆದ್ದರಿಂದ ಕವರಿಗೆ ಹಾಕುವಾಗಿನ ಆ ಮಾತು ಮರೆಯಬೇಡಿ. ಒಂದೇ ದೊಡ್ಡ ಲಿಸ್ಟಿಗಿಂತ ಹತ್ತಿ ಸೀರೆಯವರು, ಮದುವೆ ಜವಳಿಯವರು, ಖಣ ಕೇಳುವವರು ಎಂದು ಬೇರೆ ಬೇರೆ ಮಾಡಿ. ವಾರಕ್ಕೊಂದು ಮೆಸೇಜು ಸಾಕು. 2023ರಲ್ಲಿ ಬಂದ ವಾಟ್ಸಾಪ್ ಚಾನೆಲ್‌ನಲ್ಲೂ ನಂಬರ್ ಬಯಲಾಗುವುದಿಲ್ಲ, ಆದರೆ ಅಲ್ಲಿ ಗಿರಾಕಿ ಮಾತಾಡುವಂತಿಲ್ಲ. ಮಾತಾಡದ ಗಿರಾಕಿಗೆ ಸೀರೆ ಮಾರಿದವರನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಮಾಡಿ, ಕೇಳಿದ 20 ಜನರಲ್ಲಿ ಮೂವರೋ ನಾಲ್ವರೋ ಕೊಳ್ಳತೊಡಗಿದರೆ ಆಗ ಬೂಸ್ಟ್ ವಿಚಾರ ಮಾಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಒತ್ತಿದರೆ ನೇರ ವಾಟ್ಸಾಪ್ ಚಾಟ್ ತೆರೆಯುವ ಜಾಹೀರಾತು ಇದೆ, ಅದನ್ನೇ ಆರಿಸಿ. ದುಡ್ಡು ಹಾಕುವುದಾದರೆ ಮಡಚಿಟ್ಟ ಸೀರೆಯ ಫೋಟೊಗೆ ಹಾಕಬೇಡಿ, ಅಂಥದ್ದು ಸಾವಿರ ಇವೆ. ಮಗ್ಗದ ಮನೆಗೆ ಹೋಗಿ, ಕೂತವರ ಒಪ್ಪಿಗೆ ಕೇಳಿ, ಒಡಲಿನ ಎಳೆಗೆ ಸೆರಗಿನ ಎಳೆ ಕೊಂಡಿ ಹಾಕುವ ಬೆರಳುಗಳನ್ನು ಅರ್ಧ ನಿಮಿಷ ಹತ್ತಿರದಿಂದ ತೆಗೆಯಿರಿ. ಹಾಡು ಸೇರಿಸಬೇಡಿ, ಮಗ್ಗದ ಸದ್ದೇ ಇರಲಿ. ಕೆಳಗೆ ಚೀಟಿಯ ನಂಬರು ಮತ್ತು ಬೆಲೆ.