ನಿಯೋಜಕ: ಒಬ್ಬರನ್ನು ಕರೆದರೂ ಸಾಕು

ಸರಕಾರಿ ಕಾಗದದಲ್ಲಿ ಮಾತ್ರ ಬದುಕುವ ಕೆಲವು ಪದಗಳುಂಟು. ‘ನಿಯೋಜಕ’ ಅಂಥದ್ದೊಂದು. ಕಾರ್ಕಳದ ಕಡೆ ನಾಲ್ಕು ಎಕರೆ ಅಡಿಕೆ ತೋಟ ಇರುವ ನನ್ನ ಸೋದರಮಾವನನ್ನು ಯಾರಾದರೂ ‘ನಿಯೋಜಕರೇ’ ಎಂದು ಕರೆದರೆ, ಹಿಂದೆ ಬೇರೆ ಯಾರೋ ನಿಂತಿದ್ದಾರೆಂದು ತಿರುಗಿ ನೋಡಿಯಾರು. ತಮ್ಮ ಲೆಕ್ಕದಲ್ಲಿ ಅವರು ಕೃಷಿಕರು. ತೋಟಕ್ಕೆ ಬರುವ ಹಿರಿಯರ ಬಾಯಲ್ಲಿ ‘ದಣಿ’, ಕಿರಿಯರಿಗೆ ‘ಅಣ್ಣ’, ಸೊಸೈಟಿಯಲ್ಲಿ ಸಾಲಗಾರ. ನಿಯೋಜಕ, ಕಾರ್ಮಿಕ ಎಂಬುದೆಲ್ಲ ಬೈಕಂಪಾಡಿಯ ಫ್ಯಾಕ್ಟರಿಗಳ ಮಾತು ಎಂದೇ ಅವರ ನಂಬಿಕೆ.

ಕಾನೂನು ಹಾಗೆ ನೋಡುವುದಿಲ್ಲ. 1948ರ ಕನಿಷ್ಠ ವೇತನ ಕಾಯಿದೆಯಲ್ಲೂ, 2025ರ ನವೆಂಬರ್ 21ರಂದು ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ನಿಯೋಜಕ ಎಂದರೆ ಒಬ್ಬರನ್ನೋ ಹೆಚ್ಚು ಮಂದಿಯನ್ನೋ ಕೆಲಸಕ್ಕೆ ಇಟ್ಟುಕೊಂಡವರು. ತಾವೇ ಕರೆದಿರಲಿ, ಇನ್ನೊಬ್ಬರ ಮೂಲಕ ಕರೆಸಿರಲಿ. ಭವಿಷ್ಯ ನಿಧಿಗೆ ಇಪ್ಪತ್ತು ಜನ ಬೇಕು ಎಂಬಂಥ ಮಾತು ಕೇಳಿ ಕೇಳಿ, ಸಣ್ಣವರಿಗೆ ಕಾರ್ಮಿಕ ಕಾನೂನೇ ಇಲ್ಲ ಎಂಬ ಭ್ರಮೆ ನಮ್ಮಲ್ಲಿ ಬೆಳೆದಿದೆ. ಕೂಲಿಯ ವಿಷಯದಲ್ಲಿ ಅಂಥ ರಿಯಾಯಿತಿ ಇಲ್ಲ. ಯಾವ ಯಾವ ಕೆಲಸಕ್ಕೆ ಲಾಗು ಎಂದು ಪಟ್ಟಿ ಮಾಡಿದ್ದ ಹಳೆಯ ಕಾಯಿದೆಯ ಅನುಸೂಚಿಯಲ್ಲಿ ಎರಡನೇ ಭಾಗ ಇದ್ದದ್ದೇ ಕೃಷಿಗಾಗಿ. ಹೊಸ ಸಂಹಿತೆಯಲ್ಲಿ ಅನುಸೂಚಿಯೇ ಹೋಯಿತು, ಎಲ್ಲ ಕೆಲಸವೂ ಒಳಗೆ.

ಈ ಪದ ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಿಗೆ ಒಗ್ಗದಿರಲು ಬೇರೆಯದೇ ಕಾರಣ ಉಂಟೆಂದು ನನಗನ್ನಿಸುತ್ತದೆ. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬರುವವರೆಗೆ ಇಲ್ಲಿ ಗದ್ದೆ ಮಾಡುತ್ತಿದ್ದವರಲ್ಲಿ ಬಹಳ ಮಂದಿ ಗೇಣಿ ಒಕ್ಕಲುಗಳು. ಅವರಿಗಿಂತಲೂ ಕೆಳಗೆ, ಭೂಮಿಗೇ ಅಂಟಿಕೊಂಡಂತೆ, ಪಡಿಗೆ ದುಡಿಯುವ ಮೂಲದಾಳುಗಳಿದ್ದರು. ಅವರ ಪಾಲಿಗೆ ಕೂಲಿ ಎಂದರೆ ಸೇರಿನಲ್ಲಿ ಅಳೆದು ಹಾಕುವ ಅಕ್ಕಿ ಇಲ್ಲವೇ ಭತ್ತ. ಗೇಣಿಯ ಜಾಗಕ್ಕೆ ಡಿಕ್ಲರೇಶನ್ ಅರ್ಜಿ ಕೊಟ್ಟು ಅದು ತಮ್ಮ ಹೆಸರಿಗೆ ಆದ ಮೇಲೆ ನಿನ್ನೆ ಗೇಣಿ ಅಳೆದವರು ಇಂದು ಸಂಬಳ ಕೊಡುವವರಾದರು. ಧಣಿಯ ಕೈಯಿಂದ ಬಿಡಿಸಿಕೊಂಡ ಕಥೆ ಪ್ರತಿ ಮನೆಯಲ್ಲೂ ಉಂಟು. ನಾವೇ ಧಣಿಗಳಾದೆವೆಂಬ ಕಥೆ ಯಾವ ಮನೆಯಲ್ಲೂ ಕೇಳಿದ್ದಿಲ್ಲ.

ಇನ್ನು ಈ ಪದದ ಭಾರ ಎಲ್ಲೆಲ್ಲಿ ಬೀಳುತ್ತದೆ ನೋಡೋಣ. ಜುಲೈ ತಿಂಗಳು. ಎರಡು ದಿನ ಮಳೆ ಬಿಟ್ಟಿತೆಂದು ಮಾವ ಕೊಳೆರೋಗದ ಮದ್ದು ಬಿಡಲು ಮೂವರನ್ನು ಕರೆದಿದ್ದರು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಡ್ರಮ್ಮಿನಲ್ಲಿ ನೀಲಿ ದ್ರಾವಣ ತಯಾರು. ಬೆಳಿಗ್ಗೆ ಎಂಟಕ್ಕೆ ಶುರುವಾದ ಕೆಲಸ, ಹನ್ನೊಂದಕ್ಕೆ ಪಡುವಣದಿಂದ ಮೋಡ ಕಟ್ಟಿಕೊಂಡು ಬಂದು ನಿಂತಿತು. ಮೂವರೂ ಕೊಟ್ಟಿಗೆಯ ಜಗಲಿಯಲ್ಲಿ ಕೂತು ಒಂದು ಗಂಟೆಯವರೆಗೆ ಕಾದರು. ಮಳೆ ಬಿಡಲಿಲ್ಲ. ಮಾವ ಕೊಟ್ಟದ್ದು ಅರ್ಧ ಸಂಬಳ. “ಪೂರ್ತಿ ಕೊಡಬೇಕಲ್ವಾ ಮಾವ?” ಎಂದೆ. “ಮಳೆ ನಾನು ತರಿಸಿದ್ದಾ ಮಾರಾಯ?” ಎಂದರು.

ಮಳೆಯನ್ನು ಅವರೂ ತರಿಸಿರಲಿಲ್ಲ, ಜಗಲಿಯಲ್ಲಿ ಕೂತವರೂ ತರಿಸಿರಲಿಲ್ಲ. ದಿನದ ಲೆಕ್ಕದಲ್ಲಿ ಕೂಲಿ ನಿಗದಿಯಾದ ಕೆಲಸದಲ್ಲಿ, ಬಂದವರಿಗೆ ದುಡಿಯುವ ಮನಸ್ಸಿದ್ದೂ ಪೂರ್ತಿ ಹೊತ್ತಿನ ಕೆಲಸ ಕೊಡಲು ಆಗದಿದ್ದರೆ, ಇಡೀ ದಿನ ದುಡಿದಂತೆಯೇ ಕೂಲಿ ಸಲ್ಲಬೇಕು ಎಂಬುದು ಸಂಹಿತೆಯ ಹತ್ತನೇ ಸೆಕ್ಷನ್. ನಿಯಮಗಳಲ್ಲಿ ಬೇರೆ ಹೇಳಿದ ಸಂದರ್ಭಗಳನ್ನು ಬಿಟ್ಟರೆ, ಅರ್ಧಕ್ಕೆ ಇಳಿಸಲು ಕಾನೂನು ಒಪ್ಪುವುದು ಒಂದೇ ಕಾರಣಕ್ಕೆ: ಕೆಲಸ ಇದ್ದೂ ಅವರೇ ಮಾಡಲೊಲ್ಲೆ ಎಂದು ಹೊರಟಾಗ. 1948ರ ಕಾಯಿದೆಯಲ್ಲೂ ಇದೇ ಇತ್ತು. ಎಪ್ಪತ್ತು ವರ್ಷ ದಾಟಿದರೂ ನಮ್ಮ ತೋಟಗಳಲ್ಲಿ ‘ಅರ್ಧ ದಿನ’ ಎಂಬುದು ಮಳೆಗಾಲದ ಮಾಮೂಲು.

ಹೀಗೆಂದ ಮಾತ್ರಕ್ಕೆ ಕಾನೂನು ಮಳೆಯನ್ನೇ ಕಂಡಿಲ್ಲ ಎನ್ನುವಂತಿಲ್ಲ. ಪ್ರಕೃತಿ ದಾರಿ ಬಿಟ್ಟಾಗ ಮಾತ್ರ ಮಾಡಬಹುದಾದ ಕೆಲಸಗಳಿಗೆ ದುಡಿಮೆಯ ಹೊತ್ತಿನ ನಿಯಮವನ್ನು ಸಡಿಲಿಸಲು ಅವಕಾಶ ಉಂಟು. ನೇಜಿ ನೆಡುವ ದಿನ ಕತ್ತಲಾಗುವವರೆಗೆ ಗದ್ದೆಯಲ್ಲಿದ್ದರೆ ಯಾರೂ ಕೇಸು ಹಾಕಲಾರರು. ಸಡಿಲವಾಗುವುದು ಗಂಟೆಯ ಲೆಕ್ಕ, ಸಂಬಳದ್ದಲ್ಲ.

‘ನಾನು ಸರಕಾರದ ರೇಟಿಗಿಂತ ಜಾಸ್ತಿಯೇ ಕೊಡುತ್ತೇನೆ’ ಎಂಬುದು ಮಾವನ ಇನ್ನೊಂದು ವಾದ. ಯಾವ ರೇಟು ಎಂದು ಕೇಳಿದರೆ ಉದ್ಯೋಗ ಖಾತ್ರಿಯದ್ದನ್ನು ಹೇಳುತ್ತಾರೆ. 2025–26ರಲ್ಲಿ ಕರ್ನಾಟಕಕ್ಕೆ ಅದು ದಿನಕ್ಕೆ 370 ರೂಪಾಯಿ ಇತ್ತು. ಆದರೆ ಅದು ಪಂಚಾಯತಿನ ಕಾಮಗಾರಿಗೆ ಕೇಂದ್ರ ಕೊಡುವ ದರ. ತೋಟಕ್ಕೆ ಲಾಗುವಾಗುವುದು ರಾಜ್ಯದ ಕಾರ್ಮಿಕ ಇಲಾಖೆ ಕೃಷಿಗೆ ನಿಗದಿ ಮಾಡಿ, ಪ್ರತಿ ಏಪ್ರಿಲ್ ಒಂದಕ್ಕೆ ತುಟ್ಟಿಭತ್ಯೆ ಸೇರಿಸಿ ಪರಿಷ್ಕರಿಸುವ ಕನಿಷ್ಠ ವೇತನ. ಅದಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟು 1982ರಲ್ಲೇ, ದೆಹಲಿಯ ಏಷ್ಯನ್ ಗೇಮ್ಸ್ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ ಹೇಳಿತು. ಹಸಿವು ಕೂಡ ಬಲವಂತವೇ ಎಂಬುದು ಆ ತೀರ್ಪಿನ ಒಳದನಿ.

ಮರ ಹತ್ತುವವರ ಮಟ್ಟಿಗೆ ಮಾವನ ವಾದ ಸರಿ. ಹತ್ತುವವರೇ ಸಿಗದ ಕಾಲದಲ್ಲಿ ಅವರು ಕೇಳಿದ್ದೇ ರೇಟು. ಲೆಕ್ಕ ತಪ್ಪುವುದು ಅಂಗಳದಲ್ಲಿ. ಅಡಿಕೆ ಸುಲಿಯುವುದಕ್ಕೆ ಕಿಲೋ ಲೆಕ್ಕ. ಮೆಟ್ಟುಗತ್ತಿ ಹಿಡಿದು ಕೂತ ಅಕ್ಕಂದಿರಲ್ಲಿ ಕೈ ಬಿರುಸಿದ್ದವರು ಗೆದ್ದರು, ವಯಸ್ಸಾದವರು ಸಂಜೆಗೆ ಅಷ್ಟಕ್ಕಷ್ಟೇ. ದಿನದ ಕನಿಷ್ಠ ದರ ಮಾತ್ರ ನಿಗದಿಯಾಗಿರುವ ಕಡೆ, ತುಂಡು ಲೆಕ್ಕದಲ್ಲಿ ಕೆಲಸ ಮಾಡಿಸಿದರೂ ಆ ದಿನದ ದರಕ್ಕಿಂತ ಕಡಿಮೆಯಾಗಬಾರದು. ಇನ್ನು ಗೊಬ್ಬರ ಹೊರುವ ದಿನ ನೋಡಿ: ಅದೇ ಬುಟ್ಟಿ, ಅದೇ ಗುಡ್ಡದ ಏರು, ಗಂಡಸಿಗೊಂದು ಸಂಬಳ, ಹೆಂಗಸಿಗೊಂದು. 1976ರ ಸಮಾನ ವೇತನ ಕಾಯಿದೆ ಇದನ್ನು ತಪ್ಪು ಎಂದಿತ್ತು, ಈಗ ಸಂಹಿತೆಯ ಮೂರನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಮರ ಹತ್ತುವ ಕೌಶಲಕ್ಕೆ ಹೆಚ್ಚು ಕೊಟ್ಟರೆ ತಕರಾರಿಲ್ಲ, ಬುಟ್ಟಿಗೆ ಎಂಥ ಕೌಶಲ?

ಚಾ ತಿಂಡಿ, ಮಧ್ಯಾಹ್ನದ ಗಂಜಿ ಊಟ ಸೇರಿಸಿ ‘ಒಟ್ಟು ಇಷ್ಟಾಯಿತು’ ಎನ್ನುವವರೂ ಇದ್ದಾರೆ. ಹಣದ ಬದಲು ವಸ್ತುರೂಪದಲ್ಲಿ ಕೊಟ್ಟದ್ದನ್ನು ಕೂಲಿಯೆಂದು ಎಣಿಸುವುದಿದ್ದರೂ ನೂರಕ್ಕೆ ಹದಿನೈದರ ಮಿತಿ. ಪಡಿಯ ಕಾಲ ಮುಗಿಯಿತು.

ಬಟವಾಡೆಗೂ ಗಡುವುಂಟು. ದಿನಗೂಲಿಯಾದರೆ ಕೆಲಸ ಮುಗಿದ ಹೊತ್ತಿಗೆ, ವಾರದ್ದಾದರೆ ರಜೆಯ ಹಿಂದಿನ ದಿನ, ತಿಂಗಳದ್ದಾದರೆ ಮುಂದಿನ ಏಳನೇ ತಾರೀಕಿನೊಳಗೆ. ‘ಅಡಿಕೆ ಮಾರಿದ ಮೇಲೆ ಕೊಡುತ್ತೇನೆ’ ಎಂಬುದು ಇದರಲ್ಲಿಲ್ಲ.

ಘಟ್ಟದ ಮೇಲಿನಿಂದಲೋ ಒಡಿಶಾ, ಜಾರ್ಖಂಡ್‌ನಿಂದಲೋ ತಂಡ ಕಟ್ಟಿಕೊಂಡು ಬರುವ ಮೇಸ್ತ್ರಿಗೆ ದುಡ್ಡು ಕೊಟ್ಟು ಕೈ ತೊಳೆದುಕೊಂಡರೆ ಮುಗಿಯಿತೇ? ಮೇಸ್ತ್ರಿ ತನ್ನವರಿಗೆ ಕೊಡದೆ ಬಸ್ಸು ಹತ್ತಿದರೆ ಹೊಣೆ ತಿರುಗಿ ತೋಟದ ಯಜಮಾನನ ಹೆಗಲಿಗೆ. ‘ಇನ್ನೊಬ್ಬರ ಮೂಲಕ’ ಎಂಬ ಎರಡು ಪದ ನಿಯೋಜಕನ ವ್ಯಾಖ್ಯೆಯಲ್ಲಿ ಕೂತಿರುವುದು ಇದಕ್ಕೇ.

ಮದ್ದು ಬಿಡುವಾಗ ಅವಘಡವಾದರೆ? 1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಕೃಷಿಯಲ್ಲಿ ಕೀಟನಾಶಕ ಸಿಂಪಡಿಸುವವರೂ, ಟ್ರಾಕ್ಟರಿನಂಥ ಯಂತ್ರದಿಂದ ಬೇಸಾಯ ಮಾಡುವವರೂ ಇದ್ದರು. ಆ ಕಾಯಿದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಗಡಿ ದಾಟಿ ಕಾಸರಗೋಡಿಗೆ ಹೋದರೆ ಕೃಷಿ ಕೆಲಸದವರಿಗೆಂದೇ 1974ರಿಂದ ಪ್ರತ್ಯೇಕ ಕಾಯಿದೆ ಉಂಟು, ನಮ್ಮಲ್ಲಿ ಅಂಥದ್ದಿಲ್ಲ. ಮೂರು ಸಾವಿರ ಅಡಿಕೆ ಮರ ಇರುವವರು ಮರ ಹತ್ತದೆ ನೆಲದಲ್ಲಿ ನಿಂತೇ ಕೆಲಸ ಮಾಡುವ ಕಾರ್ಬನ್ ಫೈಬರ್ ದೋಟಿಗೆ (ಉದ್ದದ ಕೋಲಿಗೆ) ಖರ್ಚು ಮಾಡುವುದು ನೋಡಿದರೆ, ಕಾನೂನಿಗಿಂತ ಆಳು ಸಿಗದ ಭಯವೇ ಹೆಚ್ಚು ಜೀವ ಉಳಿಸಿತೇನೋ.

ಕೊನೆಗೆ ಪುಸ್ತಕದ ಮಾತು. ಹಾಜರಿ, ಸಂಬಳದ ರಿಜಿಸ್ಟರು ಇಡಬೇಕೆಂಬ ನಿಯಮದಿಂದ, ಕೃಷಿಗೆ ಐದು ಜನರಿಗಿಂತ ಹೆಚ್ಚು ಇಟ್ಟುಕೊಳ್ಳದವರಿಗೆ ವಿನಾಯಿತಿ ಉಂಟು. ಆದರೆ ಅಧಿಕಾರಿ ಕೇಳಿದರೆ ಸಂಬಳ ಕೊಟ್ಟದ್ದಕ್ಕೆ ತಕ್ಕ ರುಜುವಾತು ತೋರಿಸಬೇಕು. ಬಾಕಿ ಕೇಳಲು ಕೆಲಸದವರಿಗೆ ಮೂರು ವರ್ಷ ಸಮಯ, ಮೊದಲು ಆರು ತಿಂಗಳಿತ್ತು. ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಭಾರ ನಿಯೋಜಕನದ್ದೇ.

ಮಾವನ ರುಜುವಾತು ಅಡುಗೆಮನೆಯ ಗೋಡೆಯಲ್ಲಿ ನೇತಾಡುತ್ತದೆ. ಸೊಸೈಟಿಯವರು ಕೊಟ್ಟ ಕ್ಯಾಲೆಂಡರು, ತಾರೀಕಿನ ಚೌಕದಲ್ಲಿ ಒಬ್ಬೊಬ್ಬರ ಹೆಸರಿನ ಮೊದಲಕ್ಷರ, ಪಕ್ಕದಲ್ಲಿ ಗೀಟು. ಪೂರ್ತಿ ದಿನಕ್ಕೆ ಉದ್ದ ಗೀಟು, ಅರ್ಧಕ್ಕೆ ಗಿಡ್ಡ. ಇದೂ ಸಾಕಾದೀತು ಎಂದೆ. ಮಾವ ಖುಷಿಯಾದರು. ಆಮೇಲೆ ಜುಲೈ ಹಾಳೆ ತಿರುವಿ, ಗಿಡ್ಡ ಗೀಟುಗಳನ್ನು ಬೆರಳಿನಲ್ಲಿ ಎಣಿಸತೊಡಗಿದರು.