ದೇವಾಲಯದ ಅಂಗಳದಲ್ಲಿ ಹುಟ್ಟಿದ ಜಗಳ

ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದಿಗಳ ಮೇಲಾಗಲಿ, ಇಂದಿನ ಯೆಹೂದಿಗಳ ಮೇಲಾಗಲಿ ಹೊರಿಸಲಾಗದು ಎಂದು ಕ್ಯಾಥೋಲಿಕ್ ಚರ್ಚಿನ ಎರಡನೆಯ ವ್ಯಾಟಿಕನ್ ಮಹಾಸಭೆ ಘೋಷಿಸಿದ್ದು 1965ರಲ್ಲಿ. ಅಷ್ಟು ತಡವಾಗಲು ಒಂದು ಕಾರಣವಿದೆ. ಯೇಸು ಮತ್ತು ಅವನ ಶಿಷ್ಯರಿಗೂ ಯೆಹೂದಿ ಅಧಿಕಾರಸ್ಥರಿಗೂ ನಡೆದ ಮೊದಲ ಶತಮಾನದ ಘರ್ಷಣೆಯನ್ನು ಎರಡು ಧರ್ಮಗಳ ಘರ್ಷಣೆಯೆಂದೇ ಜನ ಓದುತ್ತ ಬಂದರು. ಆಗ ಎರಡನೆಯ ಧರ್ಮವೊಂದು ಇರಲೇ ಇಲ್ಲ. ಯೇಸು, ಅವನ ಶಿಷ್ಯ ಪೇತ್ರ, ಮುಂದೆ ಅವನ ಮತ ಸಾರಿದ ಪೌಲ ಎಲ್ಲರೂ ಯೆಹೂದಿಗಳೇ.

ಎದುರಿಗಿದ್ದ ಅಧಿಕಾರಸ್ಥರಾದರೂ ಯಾರು? ಯೇಸುವಿನ ಕಾಲದಲ್ಲಿ ಯೆರೂಸಲೇಮಿನ ದೇವಾಲಯದ ಮುಖ್ಯಸ್ಥನಾದ ಮಹಾಯಾಜಕನ ಪದವಿ ರೋಮಿನ ಕೃಪೆಯಲ್ಲಿತ್ತು. ಬೇಕಾದವನನ್ನು ಕೂರಿಸುವುದು, ಬೇಡವಾದವನನ್ನು ಇಳಿಸುವುದು ರೋಮನ್ ಅಧಿಕಾರಿಯ ಇಷ್ಟ. ಒಂದು ಕಾಲಕ್ಕೆ ಮಹಾಯಾಜಕನ ಹಬ್ಬದ ಉಡುಪು ಕೂಡ ದೇವಾಲಯದ ಪಕ್ಕದ ಕೋಟೆಯಲ್ಲಿ ರೋಮನ್ನರ ಸುಪರ್ದಿಯಲ್ಲಿರುತ್ತಿತ್ತು! ಇಂಥ ಪದವಿಯಲ್ಲಿ ಯೇಸುವಿನ ಕಾಲದ ಮಹಾಯಾಜಕ ಕಾಯಫ ಸುಮಾರು 18 ವರ್ಷ ಉಳಿದುಕೊಂಡನೆಂದರೆ ಅವನ ಜಾಣತನವನ್ನು ಊಹಿಸಬಹುದು. ಯೆಹೂದಿಗಳ ದೊಡ್ಡ ಹಬ್ಬವಾದ ಪಸ್ಕಹಬ್ಬಕ್ಕೆ ಊರು ತುಂಬಿ ತುಳುಕುವಾಗ ಗಲಿಲಾಯದಿಂದ ಬಂದ ಯೇಸು ಎಂಬವನೊಬ್ಬ ದೇವಾಲಯದ ಅಂಗಳದಲ್ಲಿ ನಾಣ್ಯ ವಿನಿಮಯದವರ ಮೇಜುಗಳನ್ನು ಉರುಳಿಸಿದರೆ, ಇಂಥವನಿಗೆ ಮೊದಲು ನೆನಪಾಗುವುದು ಧರ್ಮಶಾಸ್ತ್ರವಲ್ಲ, ರೋಮಿನ ಸೈನ್ಯ. ಶಿಲುಬೆಯ ಆಜ್ಞೆ ಕೊಟ್ಟವನಂತೂ ರೋಮನ್ ಅಧಿಪತಿ ಪಿಲಾತ.

ಯೇಸುವಿನ ನಂತರವೂ ಶಿಷ್ಯರ ಮೇಲೆ ಮುಗಿಬಿದ್ದವರು ಮುಖ್ಯವಾಗಿ ಯಾಜಕ ಮನೆತನಗಳ ಸದ್ದುಕಾಯರೆಂಬ ಪಂಥದವರು. ಸತ್ತವರು ಎದ್ದುಬರುತ್ತಾರೆ ಎಂಬುದನ್ನೇ ಒಪ್ಪದವರಿಗೆ ಪೇತ್ರ ಮತ್ತು ಯೋಹಾನರು ಸಾರುತ್ತಿದ್ದ ಪುನರುತ್ಥಾನ ಸಹ್ಯವಾಗುವುದು ಹೇಗೆ? ಇನ್ನೊಂದು ಯೆಹೂದಿ ಪಂಥವಾದ ಫರಿಸಾಯರಿಗೆ ಆ ನಂಬಿಕೆ ಇತ್ತು. 'ಇದು ಮನುಷ್ಯರ ಕೆಲಸವಾದರೆ ತಾನಾಗಿಯೇ ಕೆಡುತ್ತದೆ, ಇವರನ್ನು ಬಿಟ್ಟುಬಿಡಿ' ಎಂದು ಯೆಹೂದಿಗಳ ಉಚ್ಚ ನ್ಯಾಯಸಭೆಯಾದ ಹಿರೀಸಭೆಯಲ್ಲಿ ಹೇಳಿದ ಗಮಲಿಯೇಲ ಫರಿಸಾಯನೇ ಎನ್ನುತ್ತದೆ ಬೈಬಲಿನ ಅಪೊಸ್ತಲರ ಕೃತ್ಯಗಳು. ಹಾಗೆಂದು ಫರಿಸಾಯರೆಲ್ಲ ಮೃದುವಾಗಿದ್ದರು ಎನ್ನಲಾಗದು. ಶಿಷ್ಯರನ್ನು ಬೇಟೆಯಾಡುತ್ತಿದ್ದ ಪೌಲನೂ ಆ ಪಂಥದವನೇ. ಮನಸ್ಸು ಬದಲಿಸಿ ಯೇಸುವನ್ನು ನಂಬಿದ ಮೇಲೆ ತಾನೇ ಐದು ಸಲ ಮೂವತ್ತೊಂಬತ್ತು ಏಟು ತಿಂದದ್ದನ್ನು ಅವನು ಬರೆದುಕೊಂಡಿದ್ದಾನೆ. ಅದು ಯೆಹೂದಿ ಸಮುದಾಯ ತನ್ನವರಿಗೆ ವಿಧಿಸುತ್ತಿದ್ದ ಶಿಕ್ಷೆ. ಸಮುದಾಯವನ್ನು ಬಿಟ್ಟು ಹೋದವನಿಗೆ ಆ ಚಾಟಿಗೆ ಬೆನ್ನೊಡ್ಡುವ ಅಗತ್ಯವಿರಲಿಲ್ಲ.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಕ್ರಿ.ಶ. 62ರ ಘಟನೆ. ಅದನ್ನು ದಾಖಲಿಸಿದವನು ಕ್ರೈಸ್ತನಲ್ಲ, ಯೆರೂಸಲೇಮಿನ ಯಾಜಕ ಮನೆತನದಲ್ಲೇ ಹುಟ್ಟಿದ ಇತಿಹಾಸಕಾರ ಜೋಸೆಫಸ್. ರೋಮನ್ ಅಧಿಪತಿ ಫೆಸ್ತ ತೀರಿಕೊಂಡಿದ್ದ, ಹೊಸಬ ಅಲ್ಬಿನಸ್ ಇನ್ನೂ ದಾರಿಯಲ್ಲಿದ್ದ. ಈ ಸಂದು ನೋಡಿ ಮಹಾಯಾಜಕ ಅನ್ನನು ನ್ಯಾಯಸಭೆ ಕೂಡಿಸಿ, ಯೇಸುವಿನ ಸಹೋದರ ಯಾಕೋಬನನ್ನೂ ಇನ್ನು ಕೆಲವರನ್ನೂ ಧರ್ಮಶಾಸ್ತ್ರ ಮೀರಿದವರೆಂದು ಕಲ್ಲೆಸೆತಕ್ಕೆ ಒಪ್ಪಿಸಿದ. ಈತ ಯೇಸುವಿನ ಜೀವನಕಥೆಗಳಾದ ಸುವಾರ್ತೆಗಳಲ್ಲಿ ಬರುವ ಹಿರಿಯ ಅನ್ನನ ಮಗ. ಯೋಹಾನನ ಸುವಾರ್ತೆಯ ಪ್ರಕಾರ ಕಾಯಫನು ಆ ಹಿರಿಯನ ಅಳಿಯ. ಅಂದರೆ ಮೂವತ್ತು ವರ್ಷ ಕಳೆದರೂ ಹಗೆ ಅದೇ ಮನೆತನದಲ್ಲಿತ್ತು. ಆದರೆ ಪ್ರತಿಭಟಿಸಿದವರು ಯಾರು? ಧರ್ಮಶಾಸ್ತ್ರದ ಪಾಲನೆಯಲ್ಲಿ ಕಟ್ಟುನಿಟ್ಟಾಗಿದ್ದ ಯೆಹೂದಿಗಳೇ. ಅವರು, ಆ ಹೊತ್ತಿಗೆ ಮಹಾಯಾಜಕನನ್ನು ನೇಮಿಸುವ ಅಧಿಕಾರವನ್ನು ರೋಮಿನಿಂದ ಪಡೆದಿದ್ದ ರಾಜ ಅಗ್ರಿಪ್ಪನಿಗೆ ಗುಟ್ಟಾಗಿ ದೂರು ಕಳಿಸಿದರು. ಕೆಲವರು ಅಲ್ಬಿನಸ್‌ನನ್ನು ದಾರಿಯಲ್ಲೇ ಕಂಡರು. ಮೂರೇ ತಿಂಗಳಿಗೆ ಅನ್ನನ ಪದವಿ ಹೋಯಿತು.

ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಸುಟ್ಟ ಮೇಲೆ ಯಾಜಕರ ಅಧಿಕಾರ ಮುಗಿಯಿತು. ಯೆಹೂದಿ ಬದುಕನ್ನು ಮತ್ತೆ ಕಟ್ಟುವ ಹೊಣೆ ಯಾವ್ನೆ ಎಂಬ ಪಟ್ಟಣದ ರಬ್ಬಿಗಳ, ಅಂದರೆ ಧರ್ಮಗುರುಗಳ ಹೆಗಲೇರಿತು. ಸುನ್ನತಿಯಿಲ್ಲದ ಅನ್ಯಜನರು ಯೇಸುವಿನ ಗುಂಪಿನಲ್ಲಿ ಆಗಲೇ ಹೆಚ್ಚುತ್ತಿದ್ದರು. ಯೆಹೂದಿಗಳ ಪ್ರಾರ್ಥನಾಲಯವಾದ ಸಭಾಮಂದಿರದಿಂದ ಬಹಿಷ್ಕಾರದ ಭಯ ಯೋಹಾನನ ಸುವಾರ್ತೆಯಲ್ಲಿ ಮೂರು ಕಡೆ ಇಣುಕುತ್ತದೆ. ಪಾಷಂಡಿಗಳ ವಿರುದ್ಧದ ಶಾಪವೊಂದು ನಿತ್ಯಪ್ರಾರ್ಥನೆಗೆ ಸೇರಿದ್ದು ಯಾವ್ನೆಯಲ್ಲಿ ಎನ್ನುತ್ತದೆ ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್. ಅದರ ಗುರಿ ಕ್ರೈಸ್ತರೇ ಆಗಿದ್ದರೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಇಷ್ಟಾದರೂ ಜನಸಾಮಾನ್ಯರು ಬೇರೆಯಾಗಲಿಲ್ಲ. 386-87ರಲ್ಲಿ ಸಿರಿಯಾದ ಅಂತಿಯೋಕ್ಯ ನಗರದ ಪಾದ್ರಿ ಯೋಹಾನ ಕ್ರಿಸೊಸ್ತೊಮ್ ಯೆಹೂದಿಗಳ ವಿರುದ್ಧ ಬೆಂಕಿ ಉಗುಳುವ ಪ್ರಸಂಗಗಳ ಸರಣಿಯನ್ನೇ ಮಾಡಿದ. ಮುಂದಿನ ಶತಮಾನಗಳ ದ್ವೇಷಕ್ಕೆ ಅವು ಯಥೇಚ್ಛ ಇಂಧನ ಒದಗಿಸಿದವು. ಅವನ ಸಿಟ್ಟಿಗೆ ಕಾರಣ ಅವನದೇ ಸಭೆಯ ಕ್ರೈಸ್ತರು: ಅವರು ಯೆಹೂದಿಗಳ ಹಬ್ಬಕ್ಕೆ ಹೋಗುತ್ತಿದ್ದರು, ಅವರೊಂದಿಗೆ ಉಪವಾಸ ಮಾಡುತ್ತಿದ್ದರು, ಆಣೆ ಪ್ರಮಾಣಕ್ಕೂ ಸಭಾಮಂದಿರವೇ ಮೇಲೆಂದು ನಂಬಿದ್ದರು.