ಇನ್‌ಸ್ಟಾಲ್ ಆಯಿತು ಸರಿ, ಯಾರ ಖಾತೆಗೆ?

ಒಂದು ಕಚೇರಿಯ ಕಂಪ್ಯೂಟರ್‌ಗಳಿಗೆಲ್ಲ ಒಂದೇ ರಾತ್ರಿಯಲ್ಲಿ ಹೊಸ ಸಾಫ್ಟ್‌ವೇರ್ ಹಾಕಿದ್ದೆವು. ವರದಿಯ ತುಂಬ ಸೊನ್ನೆಗಳು. ವಿಂಡೋಸ್‌ನಲ್ಲಿ ಸಾಫ್ಟ್‌ವೇರ್ ಹಾಕುವ ವ್ಯವಸ್ಥೆಯಾದ ವಿಂಡೋಸ್ ಇನ್‌ಸ್ಟಾಲರ್‌ನ ಭಾಷೆಯಲ್ಲಿ ಸೊನ್ನೆ ಎಂದರೆ ಯಶಸ್ಸು. ಬೆಳಿಗ್ಗೆ ಸಿಬ್ಬಂದಿ ಬಂದು ಪ್ರೋಗ್ರಾಂ ತೆರೆದರೆ ಸರ್ವರ್ ವಿಳಾಸದ ಜಾಗ ಖಾಲಿ. ಇನ್‌ಸ್ಟಾಲ್ ಶುರುಮಾಡುವ ಆದೇಶದ ಸಾಲಿನಲ್ಲಿ, ಅಂದರೆ ಕಮಾಂಡ್ ಲೈನ್‌ನಲ್ಲಿ, ಆ ವಿಳಾಸವನ್ನು ನಾವು ಸರಿಯಾಗಿಯೇ ಕೊಟ್ಟಿದ್ದೆವು. ಅದು ಕಳೆದುಹೋಗಿರಲಿಲ್ಲ, ಬೇರೆಯವರ ಮನೆ ಸೇರಿತ್ತು.

ದೂರದಿಂದ ಸಾಫ್ಟ್‌ವೇರ್ ಹಂಚುವ ಉಪಕರಣಗಳು ಸಾಮಾನ್ಯವಾಗಿ ಸಿಸ್ಟಂ ಖಾತೆಯಲ್ಲಿ, ಅಂದರೆ ವಿಂಡೋಸ್ ತನ್ನ ಸ್ವಂತ ಕೆಲಸಕ್ಕೆ ಇಟ್ಟುಕೊಂಡ ಖಾತೆಯಲ್ಲಿ, ಕೆಲಸ ಮಾಡುತ್ತವೆ. ಇನ್‌ಸ್ಟಾಲ್ ಮಾಡುವ ಕಡತವಾದ ಪ್ಯಾಕೇಜ್, ವಿಂಡೋಸ್ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯ 'ಈಗಿನ ಬಳಕೆದಾರ' ಎಂಬ ಭಾಗದಲ್ಲಿ ಸೆಟ್ಟಿಂಗ್ ಬರೆದರೆ, ಆ ಹೊತ್ತಿನ ಬಳಕೆದಾರ ಯಾರು? ಸಿಸ್ಟಂ ಖಾತೆಯೇ. ಮೇಜಿನ ಮುಂದೆ ಕೂರುವ ಗುಮಾಸ್ತರ ಪ್ರೊಫೈಲ್‌ಗೆ ಅದು ತಲುಪುವುದೇ ಇಲ್ಲ. ಆಲ್‌ಯೂಸರ್ಸ್ (ALLUSERS) ಎಂಬ ಪ್ರಾಪರ್ಟಿಗೆ (ಪ್ಯಾಕೇಜ್ ಬಳಸುವ, ಹೆಸರಿರುವ ಮೌಲ್ಯಕ್ಕೆ) 1 ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಪ್ರೋಗ್ರಾಂ ಅನ್ನು ಇಡೀ ಯಂತ್ರಕ್ಕೆ ಹಾಕುತ್ತದೆ, ಶಾರ್ಟ್‌ಕಟ್ ಎಲ್ಲರಿಗೂ ಕಾಣುತ್ತದೆ. ಆದರೆ ಪ್ರತಿಯೊಬ್ಬರ ರಿಜಿಸ್ಟ್ರಿಗೂ ಹೋಗಿ ಬರೆದು ಬರುವುದಿಲ್ಲ.

ಪ್ರಾಪರ್ಟಿಗಳ ವಿಷಯದಲ್ಲಿ ಇನ್ನೊಂದು ಮಾತು. ಕಮಾಂಡ್ ಲೈನ್‌ನಿಂದ ಬದಲಿಸಲು ಸಾಧ್ಯವಿರುವುದು ಹೆಸರು ಪೂರ್ತಿ ಇಂಗ್ಲಿಷ್ ದೊಡ್ಡಕ್ಷರದಲ್ಲಿರುವ ಪ್ರಾಪರ್ಟಿಗಳನ್ನು ಮಾತ್ರ. ನಡುವೆ ಒಂದು ಸಣ್ಣಕ್ಷರ ಇದ್ದರೂ ಅದು ಪ್ಯಾಕೇಜಿನ ಒಳಗಿನ ವಿಷಯ. ದೊಡ್ಡಕ್ಷರದ್ದಾದರೂ, ಸೆಕ್ಯೂರ್‌ಕಸ್ಟಮ್‌ಪ್ರಾಪರ್ಟೀಸ್ ಎಂಬ ಅನುಮತಿ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಇನ್‌ಸ್ಟಾಲ್‌ನ ಹೆಚ್ಚಿನ ಅಧಿಕಾರದಲ್ಲಿ ನಡೆಯುವ ಎರಡನೇ ಹಂತಕ್ಕೆ ಮೌಲ್ಯ ದಾಟದೆ ಉಳಿಯಬಹುದು. ಹೀಗಾಗಿಯೇ ನಾನು ವಿವರವಾದ ಲಾಗ್ (ನಡೆದದ್ದೆಲ್ಲದರ ದಾಖಲೆ) ಇಲ್ಲದೆ ಯಾವ ಪ್ಯಾಕೇಜನ್ನೂ ಹೊರಗೆ ಬಿಡುವುದಿಲ್ಲ. ಲಾಗ್‌ನ ಕೊನೆಯಲ್ಲಿ ಪ್ರಾಪರ್ಟಿಗಳ ಪಟ್ಟಿ ಇರುತ್ತದೆ. ಆವರಣದೊಳಗೆ 'ಸಿ' ಇದ್ದರೆ ಮೊದಲ ಹಂತದ, ಅಂದರೆ ಕ್ಲೈಂಟ್ ಕಡೆಯದು, 'ಎಸ್' ಇದ್ದರೆ ನಿಜವಾದ ಬದಲಾವಣೆ ಮಾಡುವ ಕಡೆಯದು. ಎರಡನ್ನೂ ಓದಿ.

ಸಮಸ್ಯೆ ಬಿಡಿಸಲು ನಾವು ಮೊದಲು ಹಿಡಿದದ್ದು ಸ್ವಯಂ ದುರಸ್ತಿಯ ದಾರಿ. ಬಳಕೆದಾರ ಶಾರ್ಟ್‌ಕಟ್ ಒತ್ತಿದಾಗ ಅವರ ಪಾಲಿನ ರಿಜಿಸ್ಟ್ರಿ ಕೀ (ಸೆಟ್ಟಿಂಗ್ ಇರುವ ಜಾಗ) ಇಲ್ಲವೆಂದು ಇನ್‌ಸ್ಟಾಲರ್ ಗುರುತಿಸಿ, ಅದನ್ನು ಬರೆದುಕೊಡುತ್ತದೆ. ಕೇಳಲು ಚೆನ್ನಾಗಿದೆ. ಪರೀಕ್ಷೆಗೆ ಹೊಸ ಖಾತೆಯಿಂದ ಲಾಗಿನ್ ಆದೆ: ಕೀ ಬಂತು, ವಿಳಾಸ ಮಾತ್ರ ಮತ್ತೆ ಖಾಲಿ! ಇಲ್ಲಿಯೇ ಇಡೀ ವಿಷಯದ ಗಂಟು ಇರುವುದು. ಕಮಾಂಡ್ ಲೈನ್‌ನಲ್ಲಿ ಕೊಟ್ಟ ನಿಮ್ಮ ಸ್ವಂತ ಪ್ರಾಪರ್ಟಿಯ ಮೌಲ್ಯವನ್ನು ವಿಂಡೋಸ್ ಇನ್‌ಸ್ಟಾಲರ್ ನೆನಪಿಟ್ಟುಕೊಳ್ಳುವುದಿಲ್ಲ. ಇನ್‌ಸ್ಟಾಲ್ ಮುಗಿಯಿತು, ಮೌಲ್ಯವೂ ಹೋಯಿತು. ಮುಂದೆ ದುರಸ್ತಿ ಆಗಲಿ, ಹೊಸ ಆವೃತ್ತಿ ಬರಲಿ, ಪ್ಯಾಕೇಜು ತನ್ನ ಡೀಫಾಲ್ಟ್‌ನಿಂದಲೇ ಶುರುಮಾಡುತ್ತದೆ. ಉಳಿಯಬೇಕಾದರೆ ಅದನ್ನು ನೀವೇ ಯಂತ್ರದ ರಿಜಿಸ್ಟ್ರಿಯಲ್ಲಿ ಬರೆದಿಟ್ಟು, ಮುಂದಿನ ಬಾರಿ ಅಲ್ಲಿಂದ ಹುಡುಕಿ ಓದಿಸಬೇಕು.

ಆಕ್ಟಿವ್ ಸೆಟಪ್ ಎಂಬ ಹಳೆಯ ಉಪಾಯವೂ ಇದೆ. ಪ್ರತಿ ಬಳಕೆದಾರ ಮೊದಲ ಸಲ ಲಾಗಿನ್ ಆದಾಗ ಒಂದು ಆದೇಶ ಓಡುತ್ತದೆ. ಬೇರೆ ಕಂಪನಿಯ ಪ್ಯಾಕೇಜ್ ಆಗಿದ್ದು, ಒಳಗೆ ಕೈ ಹಾಕಲಾಗದಿದ್ದರೆ ನಾನು ಅದನ್ನೇ ಬಳಸುತ್ತೇನೆ. ನಮ್ಮದೇ ಸಾಫ್ಟ್‌ವೇರ್ ಆಗಿದ್ದರೆ ಬೇಡ. ಬಳಕೆದಾರರ ಸೆಟ್ಟಿಂಗ್ ಬರೆಯುವ ಕೆಲಸ ಪ್ರೋಗ್ರಾಂನದು, ಇನ್‌ಸ್ಟಾಲರ್‌ನದಲ್ಲ. ಇದರಲ್ಲಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ.

ಆ ಕಚೇರಿಯ ಪ್ಯಾಕೇಜನ್ನು ಹಾಗೆಯೇ ತಿದ್ದಿದೆವು. ಸರ್ವರ್ ವಿಳಾಸ ಯಂತ್ರದ ಭಾಗಕ್ಕೆ ಹೋಯಿತು. ಪ್ರೋಗ್ರಾಂ ಮೊದಲ ಸಲ ತೆರೆದಾಗ ಅಲ್ಲಿಂದ ಓದಿಕೊಂಡು, ಅಕ್ಷರದ ಗಾತ್ರ, ಭಾಷೆಯಂಥ ಅವರವರ ಇಷ್ಟಗಳನ್ನು ಮಾತ್ರ ಅವರವರ ಪ್ರೊಫೈಲ್‌ನಲ್ಲಿ ಇಟ್ಟಿತು. ಮುಂದಿನ ಆವೃತ್ತಿಯನ್ನು ಕಮಾಂಡ್ ಲೈನ್‌ನಲ್ಲಿ ವಿಳಾಸ ಕೊಡದೆಯೇ ಹಂಚಿದೆವು. ಮರುದಿನ ಹೊಸದಾಗಿ ಸೇರಿದ ಒಬ್ಬರು ಲಾಗಿನ್ ಆಗಿ ಪ್ರೋಗ್ರಾಂ ತೆರೆದರು, ವಿಳಾಸ ಅಲ್ಲಿತ್ತು.